ಲಿಂಗಪ್ರತ್ಯಯವೂ ಬೈಗುಳವೂ: ಮಂಗಳೂರಿನ ಮಾತುಗಳನ್ನು ಕುರಿತು

ಉರ್ದು, ಪಂಜಾಬಿ ಭಾಷೆಗಳಲ್ಲಿ ದೊಡ್ಡ ಪಾತ್ರೆಯಾದ ‘ಪತೀಲಾ’ ಪುಲ್ಲಿಂಗ, ಚಿಕ್ಕದಾದ ‘ಪತೀಲೀ’ ಸ್ತ್ರೀಲಿಂಗ. ಇಂತಹ ದಿನಬಳಕೆಯ ಮಾತುಗಳಲ್ಲಿ ಹೆಣ್ಣನ್ನು ಕೀಳಾಗಿ ಕಾಣುವ ಭಾವವು ಅಡಗಿದೆಯೆಂಬ ಆಕ್ಷೇಪವುಂಟು. ಮಂಗಳೂರಿನಲ್ಲಿ ಅದೇ ಆಕ್ಷೇಪಕ್ಕೆ ಗುರಿಯಾಗಬಹುದಾದ ಭಾಷೆ ಕೊಂಕಣಿ. ಅಲ್ಲಿ ಹುಡುಗನು ‘ಚೆಡೊ’, ಪುಲ್ಲಿಂಗ; ಹುಡುಗಿಯು ‘ಚೆಡುಂ’, ನಪುಂಸಕಲಿಂಗ. ಪ್ರೌಢಸ್ತ್ರೀಯು ಬಂದರೆ ‘ತಿ ಆಯ್ಲಿ’ ಎನ್ನುವರು; ಹುಡುಗಿಯು ಬಂದರೆ ‘ತೆಂ ಆಯ್ಲೆಂ’, ಅಂದರೆ ‘ಅದು ಬಂತು’. ಹೆಣ್ಣುಮಗುವನ್ನು ವಸ್ತುವೆಂದೆಣಿಸಿದ ಸಮಾಜಕ್ಕೆ ಇದೇ ಸಾಕ್ಷಿಯೆನ್ನಬಹುದೇ? ಇತಿಹಾಸವನ್ನು ಅಭ್ಯಸಿಸುವ ನಾವು ಸಾಕ್ಷಿಯ ಯೋಗ್ಯತೆಯನ್ನು ಮೊದಲು ಪರೀಕ್ಷಿಸಬೇಕಾಗಿದೆ.

ಮಾಫೇಯಿ ಪಾದ್ರಿಗಳ ಕೊಂಕಣಿ ವ್ಯಾಕರಣವು 1882ರಲ್ಲಿ ಮುದ್ರಿತವಾದದ್ದು ಈ ಊರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಆ ಮಿಶನ್ನಿನ ಜರ್ಮನರಿಗೆ ಈ ಪ್ರಯೋಗವು ವಿಚಿತ್ರವೆನಿಸುವಂತಿರಲಿಲ್ಲ. ಅವರ ಭಾಷೆಯಲ್ಲಿಯೂ ಹುಡುಗಿಯೆಂಬರ್ಥದ ‘ಮೇಡ್ಶೆನ್’ ನಪುಂಸಕವೇ. ಅಲ್ಲಿ ಕಾರಣವು ಅಲ್ಪಾರ್ಥಕ ಪ್ರತ್ಯಯ. ಕೊಂಕಣಿಯಲ್ಲಿಯೂ ಮಗುವೆಂಬರ್ಥದ ‘ಭುರ್ಗೆಂ’ ನಪುಂಸಕವಾಗಿರುವುದರಿಂದ ಎಳೆತನವೇ ಕಾರಣವೆನ್ನಲು ಅವಕಾಶವಿದೆ. ಆದರೆ ಎಳೆಯನಾದ ‘ಚೆಡೊ’ ಏಕೆ ನಪುಂಸಕನಾಗಲಿಲ್ಲ? ಇಲ್ಲಿ ಆಕ್ಷೇಪಕರ ಮಾತಿಗೆ ಬಲವಿದೆಯೆಂದು ಒಪ್ಪಲೇಬೇಕು.

ಒಪ್ಪಿದ ಮಾತ್ರಕ್ಕೆ ವಾದವು ಗೆದ್ದಂತಾಗಲಿಲ್ಲ. ಈ ಜಿಲ್ಲೆಯ ಹವ್ಯಕರ ಕನ್ನಡದಲ್ಲಿ ‘ಅಕ್ಕ ಬಂತು’ ಎಂಬುದೇ ಸಹಜವಾದ ಮಾತು. ಹಾಗೆ ನುಡಿಯುವ ತಮ್ಮನಿಗೆ ಅಕ್ಕನಲ್ಲಿ ಅನಾದರವಿದೆಯೆಂದು ಯಾರೂ ಹೇಳಲಾರರು. ತೆಲುಗಿನಲ್ಲಿ ಏಕವಚನದ ಸ್ತ್ರೀಯು ವಸ್ತುಗಳೊಡನೆಯೂ ಬಹುವಚನದ ಸ್ತ್ರೀಯರು ಪುರುಷರೊಡನೆಯೂ ಸೇರುವರು. ಪ್ರತ್ಯಯವೇ ಮನೋಭಾವವಾದರೆ, ಆಂಧ್ರರು ಒಬ್ಬ ಹೆಂಗಸನ್ನು ತಿರಸ್ಕರಿಸಿ ಇಬ್ಬರನ್ನು ಗೌರವಿಸುವರೆನ್ನಬೇಕಾದೀತು!

ಪ್ರತ್ಯಯಕ್ಕಿಂತ ವಿಶ್ವಾಸಾರ್ಹವಾದ ಸಾಕ್ಷಿ ಬೇರೊಂದಿದೆ. ಅದು ಜೋಡಿಯಿಲ್ಲದ ಶಬ್ದ. ‘ಮುಂಡೆ’ ಎಂದರೆ ಮೂಲತಃ ತಲೆ ಬೋಳಿಸಿಕೊಂಡವಳು. ಗಂಡ ಸತ್ತವಳ ಕೇಶವನ್ನು ತೆಗೆಯಿಸುವ ಪದ್ಧತಿಯು ಆ ಶಬ್ದಕ್ಕೆ ವಿಧವೆಯೆಂಬ ಅರ್ಥವನ್ನು ಕೊಟ್ಟಿತು. ವಿಧವೆಯನ್ನು ಕಂಡ ರೀತಿಯು ಅದನ್ನು ಬೈಗುಳವಾಗಿಸಿತು. ಗಂಡಸನ್ನು ಬೈಯುವಾಗಲೂ ‘ಮುಂಡೇಮಗ’ ಎಂದು ತಾಯಿಯನ್ನೇ ಎಳೆದುತರುವರು. ‘ರಂಡೆ’ಯ ಗತಿಯೂ ಇದೇ. ಪಂಜಾಬಿಯಲ್ಲಿ ‘ರಂಡೀ’ ಎಂದರೆ ಇನ್ನೂ ವಿಧವೆ. ಉರ್ದುವಿನಲ್ಲಿ ಅದೇ ಶಬ್ದವು ವೇಶ್ಯೆಯೆಂಬರ್ಥಕ್ಕೆ ಇಳಿದಿದೆ. ಪ್ರತ್ಯಯವು ಎರಡರಲ್ಲಿಯೂ ಒಂದೇ. ಬದಲಾದದ್ದು ಅರ್ಥ, ಅದನ್ನು ಬದಲಾಯಿಸಿದವರು ಜನ. ಆದುದರಿಂದ ವಿಚಾರಣೆ ನಡೆಯಬೇಕಾದದ್ದು ವ್ಯಾಕರಣದ ಮೇಲಲ್ಲ, ಬಳಕೆಯ ಚರಿತ್ರೆಯ ಮೇಲೆ.

ಆ ಚರಿತ್ರೆಯ ಒಂದು ಅಧ್ಯಾಯವು ಮಂಗಳೂರಿನದೇ. ಹಿಂದೂ ವಿಧವೆಯರ ಪುನರ್ವಿವಾಹವನ್ನು ಶಾಸನವು 1856ರಲ್ಲಿ ಮಾನ್ಯಮಾಡಿತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಇಲ್ಲಿಯೇ ಅಚ್ಚಾಗಿ ಹೊರಬಂದದ್ದು 1899ರಲ್ಲಿ. ಎಳೆಯ ವಿಧವೆಯೊಬ್ಬಳು ವಿದ್ಯೆ ಪಡೆದು ಮತ್ತೆ ಮದುವೆಯಾಗುವ ಕಥೆಯದು. ಕೇಶಮುಂಡನದ ಪದ್ಧತಿಯು ನಮ್ಮ ಮನೆಗಳಿಂದ ಮರೆಯಾಯಿತು. ಬೈಗುಳವು ಮಾತ್ರ ಬೀದಿಯಲ್ಲಿ ಉಳಿದಿದೆ. ಹೆಂಡತಿ ಸತ್ತವನಿಗೆ ‘ವಿಧುರ’ನೆಂಬ ಹೆಸರು ನಿಘಂಟಿನಲ್ಲಿದೆಯಷ್ಟೆ, ಆ ಶಬ್ದವನ್ನು ಹಿಡಿದು ಜಗಳವಾಡಿದವರನ್ನು ನಾವು ಇದುವರೆಗೆ ಕೇಳಿಲ್ಲ.