ಸೂರಿನಂಚಿನ ಬೆಳಕು

ಮಕ್ಕಳ ಫೋಟೊ ತೆಗೆಯಲು ಸಂಜೆಯ ಹೊಂಬಿಸಿಲೇ ಆಗಬೇಕು ಎಂಬ ನಂಬಿಕೆ ಈಗ ಬಲವಾಗಿ ಬೇರೂರಿದೆ. ಭಾನುವಾರ ಐದು ಗಂಟೆಗೆ ಯಾವ ಪಾರ್ಕಿಗೆ ಹೋದರೂ ಹೊಸ ಬಟ್ಟೆ ತೊಟ್ಟ ಮಕ್ಕಳೂ ಕ್ಯಾಮೆರಾ ಹೊತ್ತ ಅಪ್ಪಂದಿರೂ ಸೂರ್ಯ ಇಳಿಯಲಿ ಎಂದು ಕಾಯುತ್ತಿರುತ್ತಾರೆ. ಹೊಂಬಿಸಿಲು ಚೆಂದವೇ, ಇಲ್ಲವೆನ್ನುವವರು ಯಾರು? ನನ್ನ ತಕರಾರು ಅದರ ಹೊತ್ತಿನ ಬಗ್ಗೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಓರೆಯಾಗಿ ಜಾರುತ್ತಾ ಹೋಗುವುದಿಲ್ಲ, ಹೆಚ್ಚುಕಡಿಮೆ ನೆಟ್ಟಗೆ ಇಳಿದುಬಿಡುತ್ತಾನೆ. ಉತ್ತರ ಯುರೋಪಿನ ಬೇಸಿಗೆಯಲ್ಲಿ ನಿಧಾನವಾಗಿ ಕರಗುವ ಆ ಬೆಳಕು ನಮ್ಮಲ್ಲಿ ಅರ್ಧ ಗಂಟೆ ಸಿಕ್ಕರೆ ಪುಣ್ಯ. ಅಷ್ಟರಲ್ಲಿ ಮಗುವಿಗೆ ಹಸಿವು, ಸೊಳ್ಳೆ, ರಚ್ಚೆ.

ಮಗು ಚೆನ್ನಾಗಿರುವ ಹೊತ್ತು ಬೇರೆಯೇ ಇದೆ. ಸ್ನಾನ ಮುಗಿದು, ತಿಂಡಿ ಹೊಟ್ಟೆಗೆ ಬಿದ್ದ ಮೇಲಿನ ಒಂದೆರಡು ಗಂಟೆ. ಆಗ ಬಿಸಿಲು ಚುರುಕಾಗಿರುತ್ತದಲ್ಲ ಎನ್ನುತ್ತೀರಿ. ಇರಲಿ ಬಿಡಿ. ಬಿಸಿಲಿಗೆ ಹೋಗಬೇಕು ಎಂದು ಹೇಳಿದವರಾರು? ಜಗಲಿ ಇರುವುದೇ ಅದಕ್ಕೆ.

ನಮ್ಮ ಹಳೆಯ ಮನೆಗಳ ಜಗಲಿಗಿಂತ ಒಳ್ಳೆಯ ಸ್ಟುಡಿಯೊ ನಾನು ಕಂಡಿಲ್ಲ. ನೆತ್ತಿಯ ಮೇಲೆ ಸೂರು, ಬೆನ್ನಿಗೆ ಗೋಡೆ. ಬೆಳಕು ಬರುವುದು ಮುಂದಿನಿಂದ ಮಾತ್ರ. ಅದೂ ನೇರ ಬಿಸಿಲಲ್ಲ, ಅಂಗಳದ ಮೇಲಿನ ಆಕಾಶದಿಂದ ಇಳಿದು ಬರುವ ಮೆತ್ತನೆಯ ಬೆಳಕು. ಮಗು ಜಗಲಿಯ ಅಂಚಿನಿಂದ ಒಂದಡಿ ಒಳಗೆ ಕೂತರೆ ಕಣ್ಣಿನಲ್ಲಿ ಇಡೀ ಅಂಗಳದ ಆಕಾಶ ಹೊಳೆಯುತ್ತದೆ. ನಾಲ್ಕಡಿ ಹಿಂದೆ ಸರಿದರೆ ಆ ಹೊಳಪು ಚುಕ್ಕಿಯಾಗಿ, ಮುಖ ಮಂಕಾಗುತ್ತದೆ. ಇನ್ನೊಂದು ಅನುಕೂಲವನ್ನು ಯಾರೂ ಹೇಳುವುದಿಲ್ಲ. ಜಗಲಿ ನೆಲಕ್ಕಿಂತ ಎರಡು ಮೂರಡಿ ಎತ್ತರ ಇರುವುದರಿಂದ ಮಗು ಮೇಲೆ, ನೀವು ಅಂಗಳದಲ್ಲಿ ಮಂಡಿಯೂರಿದರೆ ಕಣ್ಣಿಗೆ ಕಣ್ಣು ತಾನಾಗಿ ಸಮ ಬರುತ್ತದೆ. ಮಗುವನ್ನು ಮೇಲಿನಿಂದ ನೋಡಿ ತೆಗೆದ ಚಿತ್ರದಲ್ಲಿ ತಲೆ ದೊಡ್ಡದು, ಕಾಲು ಚಿಕ್ಕದು. ಅದು ದೊಡ್ಡವರು ನೋಡುವ ರೀತಿಯೇ ಹೊರತು ಮಗು ಇರುವ ರೀತಿಯಲ್ಲ.

ಅಂಗಳದ ನೆಲವನ್ನೂ ನೋಡಬೇಕು. ಕೆಮ್ಮಣ್ಣಿನ ಅಂಗಳಕ್ಕೆ ಬಿಸಿಲು ಬಿದ್ದಿದ್ದರೆ ಅದರ ಬೆಚ್ಚನೆಯ ಬಣ್ಣ ಕೆಳಗಿನಿಂದ ಕೆನ್ನೆಗೆ ಹತ್ತುತ್ತದೆ, ಕಣ್ಣಿನ ಕೆಳಗಿನ ನೆರಳು ಕರಗುತ್ತದೆ. ಹುಲ್ಲುಹಾಸಾದರೆ ಗದ್ದದ ಕೆಳಗೆ ಹಸಿರು ಬಳಿದಂತೆ ಕಾಣುತ್ತದೆ. ಪಾರ್ಕಿನಲ್ಲಿ ತೆಗೆದ ಎಷ್ಟೋ ಮಕ್ಕಳು ಕಾಮಾಲೆ ಬಂದವರಂತೆ ಕಾಣಲು ಕಾರಣ ಇದು.

ಚಿತ್ರಕಲೆಯ ಪುಸ್ತಕಗಳು ಉತ್ತರದ ಕಿಟಕಿಯನ್ನು ಹೊಗಳುತ್ತವೆ. ಯುರೋಪಿನ ಮಟ್ಟಿಗೆ ಅದು ಸರಿ, ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ ಸೂರ್ಯ ನಡುನೆತ್ತಿಗೆ ಬಂದು ನೆರಳನ್ನೇ ನುಂಗುತ್ತಾನೆ. ಆಗಸ್ಟ್ ಮಧ್ಯದಲ್ಲಿ ಮತ್ತೊಮ್ಮೆ. ಇವೆರಡರ ನಡುವೆ ಮಧ್ಯಾಹ್ನದ ಸೂರ್ಯ ಇರುವುದು ಉತ್ತರಕ್ಕೆ. ಆದ್ದರಿಂದ ಬೇಸಿಗೆ ರಜೆಯಲ್ಲಿ ಉತ್ತರದ ಜಗಲಿಯನ್ನು ನಂಬಿ ಕೂರಬೇಡಿ, ಮನೆಯ ಸುತ್ತ ಒಂದು ಸುತ್ತು ಹಾಕಿ. ಮಲೆನಾಡಿನ ಮಳೆಗಾಲದಲ್ಲಿ ಈ ಲೆಕ್ಕವೇ ಬೇಡ, ಮೋಡವೇ ದೊಡ್ಡ ಬಿಳಿ ಪರದೆ. ಆದರೆ ಆ ಬೆಳಕು ಮೇಲಿನಿಂದ ಸುರಿಯುವುದರಿಂದ ಬಯಲಿನಲ್ಲಿ ಕಣ್ಣುಗುಳಿ ಕಪ್ಪಾಗುತ್ತದೆ. ಅಲ್ಲೂ ಸೂರಿನ ಅಂಚೇ ಗತಿ.

ಅಪಾರ್ಟ್‌ಮೆಂಟಿನಲ್ಲಿ ಜಗಲಿ ಎಲ್ಲಿಂದ ತರುವುದು? ನೆಲಮಾಳಿಗೆಯ ಪಾರ್ಕಿಂಗ್ ಅಲ್ಲ, ನೆಲಮಟ್ಟದ ಕಂಬಗಳ ನಡುವಿನ ಪಾರ್ಕಿಂಗ್ ಇರುತ್ತದಲ್ಲ, ಅದರ ಬಾಯಿ. ನೋಡಲು ಏನೇನೂ ಚೆಂದವಿಲ್ಲ, ಬೆಳಕು ಮಾತ್ರ ಅದೇ. ಹಿಂದೆ ನಿಂತ ಕಾರುಗಳು ಕತ್ತಲಲ್ಲಿ ಮುಳುಗಿಹೋಗುತ್ತವೆ.

ಜಾಗ ಸಿಕ್ಕ ಮೇಲೆ ಮಗುವಿಗೊಂದು ಕೆಲಸ ಕೊಡಿ. ‘ಪುಟ್ಟಾ, ಇಲ್ಲಿ ನೋಡು, ನಗು’ ಎಂದರೆ ಬರುವುದು ಹಲ್ಲು ಮಾತ್ರ. ನನಗೆ ಇಷ್ಟವಾದದ್ದು ಮಾಗಿಯ ಕಾಲದಲ್ಲಿ ಅವರೆಕಾಳು ಹಿತುಕುವ ಕೆಲಸ. ಬಿಳಿ ಪಂಚೆ ಹಾಸಿ, ನೆನೆದ ಕಾಳಿನ ಪಾತ್ರೆ ಮುಂದಿಡಬೇಕು. ಪಂಚೆಯ ಬಿಳುಪು ಬಗ್ಗಿದ ಮುಖಕ್ಕೆ ಕೆಳಗಿನಿಂದ ಬೆಳಕು ಚೆಲ್ಲುತ್ತದೆ. ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಚಿಮ್ಮಿ ಎಲ್ಲೋ. ಅಜ್ಜಿಯ ಕನ್ನಡಕಕ್ಕೆ ತಗುಲಿದರಂತೂ ಮುಗಿಯಿತು. ಮಗು ತಲೆ ಎತ್ತಿ ಮೊದಲು ಅಜ್ಜಿಯನ್ನು, ಆಮೇಲೆ ನಿಮ್ಮನ್ನು ನೋಡುತ್ತದೆ, ಬೈಯುತ್ತಾರೋ ನಗುತ್ತಾರೋ ಎಂದು. ಆ ನೋಟಕ್ಕೆ ಬೆರಳು ಸಿದ್ಧವಿರಬೇಕು. ಐಎಸ್‌ಒ 400, ಅಪರ್ಚರ್ 2.8 ಇಟ್ಟರೆ ಬೆಳಗಿನ ಜಗಲಿಯಲ್ಲಿ ಶಟರ್ ಸಾಮಾನ್ಯವಾಗಿ ಸೆಕೆಂಡಿನ 1/500ರ ಆಸುಪಾಸು ಸಿಗುತ್ತದೆ. 1/250ಕ್ಕಿಂತ ಕೆಳಗೆ ಇಳಿಯಬೇಡಿ, ಮಕ್ಕಳ ಕೈ ಸುಮ್ಮನಿರುವುದಿಲ್ಲ. 85 ಎಂಎಂ ಲೆನ್ಸ್ ಇದ್ದರೆ ಸಂತೋಷ, 50 ಆದರೂ ಸಾಕು.

ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಯುನಿಸೆಫ್ ಮೂಲಕ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ಕಪ್ಪು-ಬಿಳುಪು ಚಿತ್ರಗಳ ಮಕ್ಕಳನ್ನು ನೋಡಿ, ಹೀಗೇ ತಮ್ಮ ಲೋಕದಲ್ಲಿ ತಾವಿರುವವರೇ ಹೆಚ್ಚು. ಮುಖವೇ ಬೇಕೆಂದೂ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡಿದ್ದ ಅಮೆರಿಕದ ಛಾಯಾಗ್ರಾಹಕ ಯೂಜೀನ್ ಸ್ಮಿತ್ 1946ರಲ್ಲಿ ತನ್ನ ಇಬ್ಬರು ಪುಟ್ಟ ಮಕ್ಕಳನ್ನು ಹಿಂದಿನಿಂದ ತೆಗೆದ. ಮರಗಿಡಗಳ ಕತ್ತಲಿನಿಂದ ಬೆಳಕಿನ ಕಡೆಗೆ ನಡೆಯುವ ಎರಡು ಬೆನ್ನುಗಳು, ಅಷ್ಟೆ. 1955ರ ‘ದ ಫ್ಯಾಮಿಲಿ ಆಫ್ ಮ್ಯಾನ್’ ಛಾಯಾಚಿತ್ರ ಪ್ರದರ್ಶನ ಮುಗಿಯುತ್ತಿದ್ದುದು ಆ ಚಿತ್ರದಿಂದ. ಅದರ ಜೀವವೂ ಇರುವುದು ನೆರಳು ಮುಗಿಯುವ ಗೆರೆಯಲ್ಲೇ.

ಇನ್ನು ಫೋನಿನವರಿಗೆ ಒಂದು ಮಾತು. ಹಿಂದೆ ಕತ್ತಲಿನ ಬಾಗಿಲಿದ್ದರೆ ಫೋನು ಕತ್ತಲನ್ನೂ ಬೆಳಗಿಸಲು ಹೋಗಿ ಮುಖವನ್ನು ಸುಣ್ಣ ಬಳಿದಂತೆ ಮಾಡುತ್ತದೆ. ಪರದೆಯ ಮೇಲೆ ಮುಖವನ್ನು ಒತ್ತಿ, ಎಕ್ಸ್‌ಪೋಷರನ್ನು ಸ್ವಲ್ಪ ಕೆಳಗೆ ಎಳೆಯಿರಿ. ನಮ್ಮ ಮಕ್ಕಳ ಎಣ್ಣೆಗೆಂಪು, ಗೋಧಿ, ಕಪ್ಪು ಬಣ್ಣಗಳೆಲ್ಲ ಆಗಲೇ ತಮ್ಮ ಹದಕ್ಕೆ ಬರುವುದು. ಬ್ಯೂಟಿ ಮೋಡ್ ಎಂಬುದನ್ನಂತೂ ಹುಡುಕಿ ಆಫ್ ಮಾಡಿ. ಮಗುವನ್ನು ಬೆಳ್ಳಗೆ ಮಾಡುವುದಲ್ಲದೆ, ಕೆನ್ನೆಯ ಮೇಲಿನ ದೃಷ್ಟಿಬೊಟ್ಟನ್ನು ಕಲೆಯೆಂದು ತಿಳಿದು ಮಸುಕುಗೊಳಿಸಿಬಿಡಬಹುದು. ಇಟ್ಟ ಕಾಡಿಗೆ ಫೋಟೊದಲ್ಲಿ ಎಲ್ಲಿ ಹೋಯಿತು ಎಂದು ಅಜ್ಜಿ ಕೇಳಿದರೆ ಉತ್ತರ ಹೇಳಬೇಕಾದವರು ನೀವೇ.