ಭಾರದ ಗೆರೆ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಬ್ಬಿನ ಸೀಮೆಯಲ್ಲಿ, ಕುಕ್ಕರುಗಾಲಿನಲ್ಲಿ ಕುಳಿತು ಕಸ ತೆಗೆದು, ನೆಲದ ಮೇಲೆಯೇ ಕೂತು ರೊಟ್ಟಿ ತಟ್ಟಿ ಬಾಳುವೆ ನಡೆಸಿದವರ ಮೊಣಕಾಲಿನ ಒಳಮಗ್ಗುಲ ಮೃದ್ವಸ್ಥಿ ಸವೆದು ಕಾಲು ಬಿಲ್ಲಿನಂತೆ ಬಾಗಿದಾಗ, ಕೀಲನ್ನೇ ಬದಲಿಸುವುದಕ್ಕೆ ಮೊದಲು ವಿಚಾರಿಸತಕ್ಕ ಚಿಕಿತ್ಸೆಯೊಂದುಂಟು: ಮೊಣಕಾಲಿನ ಕೆಳಗಣ ಎಲುಬನ್ನು ಒಳಮಗ್ಗುಲಿನಿಂದ ಕೊಯ್ದು, ಬೆಣೆಯಾಕಾರವಾಗಿ ತೆರೆದು, ಲೋಹದ ಪಟ್ಟಿಯಿಂದ ಬಿಗಿದು, ದೇಹಭಾರವನ್ನು ಸವೆಯದಿರುವ ಹೊರಮಗ್ಗುಲಿಗೆ ಸರಿಸುವ ಶಸ್ತ್ರಕ್ರಿಯೆ. ಕೀಲಿನ ಒಂದೇ ಪಾರ್ಶ್ವ ಕೆಟ್ಟು, ವಯಸ್ಸು ಇನ್ನೂ ಮೀರದಿರುವ ದುಡಿಯುವ ಜನಕ್ಕೆ ಸ್ವಂತ ಕೀಲನ್ನುಳಿಸಿಕೊಡುವ ಈ ವಿಧಾನ ಶ್ಲಾಘ್ಯವೆಂದೇ ನನ್ನ ಮತ. ಆದರೆ ಇದರ ಸಾಫಲ್ಯವನ್ನು ಎಲುಬು ಕೂಡಿತೆಂಬುದರಿಂದ ಅಳೆಯಲಾಗದು. ಕೂಡಿದ ಕಾಲು ಯಾವ ರೇಖೆಯಲ್ಲಿ ನಿಂತಿತೆಂಬುದರಿಂದ ಅಳೆಯಬೇಕು.

ಟೊಂಕದ ಕೀಲಿನ ನಡುವಿನಿಂದ ಕಣಕಾಲಿನ ನಡುವಿಗೆ ಎಳೆದ ಗೆರೆ ಆರೋಗ್ಯವಂತರಲ್ಲಿ ಮೊಣಕಾಲಿನ ಮಧ್ಯಕ್ಕಿಂತ ತುಸು ಒಳಗೆ ಹಾಯುತ್ತದೆ. ಜಪಾನಿನ ಫುಜಿಸಾವಾ ಮತ್ತು ಸಂಗಡಿಗರ 1979ರ ಅಧ್ಯಯನದ ತರುವಾಯ, ಒಳ ಅಂಚಿನಿಂದ ಅಳೆದಾಗ ಕೀಲಿನ ಅಗಲದ ಶೇಕಡಾ 62ರ ಸುಮಾರಿಗೆ ಆ ಗೆರೆ ಬೀಳಬೇಕೆಂಬುದು ಕ್ರಮೇಣ ರೂಢಿಯಾಯಿತು. ಈ ಅಂಕಿಯನ್ನು ಎಲ್ಲ ಕಾಲುಗಳಿಗೂ ಒಂದೇ ಅಚ್ಚಿನಂತೆ ಒತ್ತುವುದನ್ನು ನಾನು ಒಪ್ಪಲಾರೆ. ತಿದ್ದಿದ್ದು ಕಡಿಮೆಯಾದರೆ ನೋವು ಮರಳುತ್ತದೆ. ಮಿತಿಮೀರಿದರೆ ಮೊಣಕಾಲುಗಳು ಒಂದಕ್ಕೊಂದು ತಾಗುವಂತಾಗಿ ಹೊರಮಗ್ಗುಲೂ ಸವೆಯತೊಡಗುತ್ತದೆ. ಒಂದು ಮಿಲಿಮೀಟರು ತೆರೆದರೆ ಒಂದು ಡಿಗ್ರಿ ತಿದ್ದಿದಂತೆ ಎಂಬ ಬಾಯಿಲೆಕ್ಕವಾದರೂ ಸುಮಾರು 57 ಮಿಲಿಮೀಟರು ಅಗಲದ ಎಲುಬಿಗೆ ಮಾತ್ರ ಸಲ್ಲುವಂಥದು; 70 ಮಿಲಿಮೀಟರಿನ ಎಲುಬಿನಲ್ಲಿ 10 ಮಿಲಿಮೀಟರು ತೆರೆದರೂ ದೊರೆಯುವುದು ಎಂಟು ಡಿಗ್ರಿಗಿಂತ ತುಸುವೇ ಹೆಚ್ಚು.

ನನ್ನ ಮುಖ್ಯ ಆಕ್ಷೇಪವಿರುವುದು, ರೋಗಿಯನ್ನು ಮಲಗಿಸಿ ಮೊಣಕಾಲೊಂದರ ಎಕ್ಸ್‌ರೇ ತೆಗೆದು ಅಷ್ಟರಿಂದಲೇ ತಿದ್ದುಪಡಿ ನಿಶ್ಚಯಿಸುವ ಕ್ರಮದ ಮೇಲೆ. ಟೊಂಕವೂ ಕಣಕಾಲೂ ಕಾಣದ ಚಿತ್ರದಲ್ಲಿ ಆ ಗೆರೆಯನ್ನು ಎಳೆಯುವುದೆಲ್ಲಿಂದ? ನಿಲ್ಲಿಸಿ ತೆಗೆದ ಉದ್ದನೆಯ ಚಿತ್ರದಲ್ಲಿಯೂ, ಮೊಣಚಿಪ್ಪು ನೇರ ಮುಂದಕ್ಕೆ ನೋಡದಿದ್ದರೆ, ಕಾಣುವ ಬಾಗು ನಿಜವಾದುದಲ್ಲ. ಹೊರಮಗ್ಗುಲ ಸಡಿಲ ಸ್ನಾಯುಬಂಧದಿಂದ ಬಂದ ಬಾಗನ್ನೂ ಎಲುಬಿನ ಲೆಕ್ಕಕ್ಕೆ ಸೇರಿಸಿ ಕೊಯ್ದರೆ ಕಾಲು ಅತಿಯಾಗಿ ತಿರುಗುವುದು ನಿಶ್ಚಿತ. ಶಸ್ತ್ರಾಗಾರದಲ್ಲಿ ಉದ್ದನೆಯ ತಂತಿಯೊಂದನ್ನು ಟೊಂಕದಿಂದ ಕಣಕಾಲಿಗೆ ಬಿಗಿಯಾಗಿ ಹಿಡಿದು, ಅದರ ನೆರಳು ಮೊಣಕಾಲಿನಲ್ಲೆಲ್ಲಿ ಬಿದ್ದಿತೆಂದು ತೆರೆಯ ಮೇಲೆ ನೋಡುವುದುಂಟು. ಉಪಯುಕ್ತವಾದ ಉಪಾಯವೇ ಸರಿ, ಆದರೆ ಆಗ ಕಾಲಿನ ಮೇಲೆ ದೇಹದ ಭಾರವಿರುವುದಿಲ್ಲ.

ಆದುದರಿಂದ ಬೆಳಗಾವಿಗೋ ಮಿರಜಕ್ಕೋ ಈ ಚಿಕಿತ್ಸೆಗೆಂದು ಹೊರಡುವ ನಮ್ಮ ಕಡೆಯವರಲ್ಲಿ ನನ್ನ ಬಿನ್ನಹವಿಷ್ಟೆ: ಶಸ್ತ್ರಕ್ರಿಯೆಗೆ ಮುಂಚೆ ಒಮ್ಮೆ, ಎಲುಬು ಕೂಡಿದ ಮೇಲೆ ಇನ್ನೊಮ್ಮೆ, ನಿಂತು ತೆಗೆಸಿದ ಪೂರ್ಣ ಕಾಲಿನ ಚಿತ್ರದ ಮೇಲೆ ಆ ಗೆರೆಯನ್ನೆಳೆದು ತೋರಿಸಿರೆಂದು ವೈದ್ಯರನ್ನು ಕೇಳಿರಿ.