ಅರ್ಧ ಓದಿದ ಪದ್ಯ

ನಮ್ಮ ವಿದ್ಯಾಗಿರಿಯಿಂದ ಐಹೊಳೆಗೆ ಶಾಲಾ ಪ್ರವಾಸ ಹೊರಡುವುದು ವಾಡಿಕೆ. ಮೇಗುತಿ ಗುಡ್ಡ ಹತ್ತಿ ಬಸದಿಯ ಗೋಡೆಯ ಶಾಸನದೆದುರು ನಿಂತರೆ ಕೇಳಿಬರುವುದು ಒಂದೇ ಪಾಠ: ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ, ಇದನ್ನು ಬರೆದ ರವಿಕೀರ್ತಿ ಕಾಳಿದಾಸ, ಭಾರವಿಯರ ಸಾಲಿನಲ್ಲಿ ತನ್ನನ್ನು ನಿಲ್ಲಿಸಿಕೊಂಡ. ಇಷ್ಟು ಹೇಳಿದರೆ ಅರ್ಧ ಹೇಳಿದಂತೆ.

ಶಕ 556ರ, ಅಂದರೆ ಕ್ರಿ.ಶ. 634-35ರ ಈ ಸಂಸ್ಕೃತ ಕಾವ್ಯ ಜಿನನ ಜಯಕಾರದಿಂದ ತೊಡಗುತ್ತದೆ. ನಡುವೆ ದಂಡಯಾತ್ರೆಗಳು: ಬನವಾಸಿ, ಗಂಗರು, ಆಳುಪರು, ಕೊಂಕಣದ ಮೌರ್ಯರು, ಪಲ್ಲವರು. ಸೋತವರ ಈ ಪಟ್ಟಿ ನನಗೆ ದಣಿವು ತರುತ್ತದೆ. ಕವಿ ಇಲ್ಲಿ ಬರೀ ಹೊಗಳುಭಟ್ಟ. ಹರ್ಷನ ಹರ್ಷವೇ ಉಡುಗಿತೆಂಬ ಶ್ಲೇಷೆ ಬಂದಾಗಷ್ಟೇ ಮುಖ ಅರಳುತ್ತದೆ. ಕಾವ್ಯ ಕಡೆಗೆ ಹೋಗಿ ತಂಗುವುದು ಜಿನೇಂದ್ರನ ಕಲ್ಲುಮನೆಯಲ್ಲಿ. ಕಾಳಿದಾಸ, ಭಾರವಿಯರ ಹೆಸರು ಬರುವ ಪದ್ಯದಲ್ಲೇ ಈ ಬಸದಿಯೂ ಇದೆ. ಮನೆ ಕಟ್ಟಿಸಿದವನೂ ಕವಿತೆ ಕಟ್ಟಿದವನೂ ಒಬ್ಬನೇ ಎಂಬುದು ಅದರ ಹೆಮ್ಮೆ. ನಾವೋ ಕವಿತೆಯನ್ನು ಪಠ್ಯಪುಸ್ತಕಕ್ಕೆ ಒಯ್ದು ಮನೆಯನ್ನು ಗುಡ್ಡದ ಮೇಲೆ ಬಿಟ್ಟೆವು. ಇಲ್ಲಿಯ ಅಂಬಿಕೆಯ ಮೂರ್ತಿಯೂ ಈಗ ಕೆಳಗಿನ ವಸ್ತುಸಂಗ್ರಹಾಲಯದಲ್ಲಿದೆ.

ದೂರದ ಪ್ರಾಗ್ ನಗರದಲ್ಲಿ ಯಹೂದ್ಯರ ಪ್ರಾರ್ಥನಾ ಮಂದಿರವೊಂದಿದೆ. ಹೆಸರು ಹಳೆ-ಹೊಸ ಸಿನಗಾಗ್, 13ನೆಯ ಶತಮಾನದ್ದು. ಪ್ರವಾಸಿಗರು ಬಂದು ನೋಡುವ ಅದೇ ಸ್ಥಳದಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ. ಅದು ಯಾರ ಮನೆಯೆಂದು ಯಾರೂ ಹೇಳಿಕೊಡಬೇಕಿಲ್ಲ. ಪೂಜೆ ನಿಂತುಹೋದ ಮೇಗುತಿಯಲ್ಲಿ ಆ ಮಾತು ಹೇಳಲು ಉಳಿದಿರುವುದು ಗೋಡೆಯ ಮೇಲಿನ ಪದ್ಯ. ಮಕ್ಕಳಿಗೆ ಅದನ್ನು ಪೂರ್ತಿ ಓದಿ ಹೇಳುವುದು ನಮ್ಮ ಕೆಲಸ.